ಮನೆಯ ಕಂಪ್ಯೂಟರಿಗೆ ಬೀಗ ಬೇಕೇ?

ಮಧ್ಯಾಹ್ನ ಮೂರು ಗಂಟೆಯ ಸಮಯ. ಊಟದ ಪಾತ್ರೆ ತೊಳೆದಿಟ್ಟು, ಸಂಜೆಯ ಸಾರಿಗೆಂದು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ಬಂದು ನಿಂತರು. ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ.

"ರೀ, ಒಂದು ನಿಮಿಷ ಬರ್ತೀರಾ? ನಮ್ಮನೆಯವರ ಕಂಪ್ಯೂಟರು ತೆಗೀಬೇಕು. ಅದೇನೋ ಪಾಸ್‌ವರ್ಡು ಕೇಳ್ತಾ ಇದೆ."

ಬೆಳಿಗ್ಗೆ ಆಕೆಯ ಯಜಮಾನರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿ ವಿಮೆಯ ಕಾಗದ ಕೇಳಿದರಂತೆ, ಹೋದ ವರ್ಷದ ಪರೀಕ್ಷೆಯ ವರದಿ ಕೇಳಿದರಂತೆ. ಎರಡೂ ಇರುವುದು ಕಂಪ್ಯೂಟರಿನಲ್ಲಿ. ಅದರ ಬೀಗದ ಕೈ ಗೊತ್ತಿದ್ದವರು ಇಬ್ಬರೇ. ಒಬ್ಬರು ಐಸಿಯುನಲ್ಲಿ ಮಲಗಿದ್ದರು. ಇನ್ನೊಬ್ಬ, ಸುರತ್ಕಲ್ಲಿನ ಹಾಸ್ಟೆಲಿನಲ್ಲಿರುವ ಮಗ, ಪರೀಕ್ಷೆ ಬರೆಯುತ್ತಿದ್ದ. ಫೋನು ಆಫ್!

ನಾವಿಬ್ಬರೂ ಆ ಪರದೆಯ ಮುಂದೆ ಕೂತೆವು. ಯಾವುದೋ ಊರಿನ ಚೆಂದದ ಬೆಟ್ಟದ ಚಿತ್ರ, ಅದರ ಕೆಳಗೆ ಒಂದು ಖಾಲಿ ಪೆಟ್ಟಿಗೆ. ಮಗನ ಹೆಸರು ಹಾಕಿದೆವು. ತಪ್ಪು. ಮದುವೆಯ ತಾರೀಖು ಹಾಕಿದೆವು. ತಪ್ಪು. ಮನೆದೇವರ ಹೆಸರು, ಕಾರಿನ ನಂಬರು, ತೀರಿಕೊಂಡ ಮಾವನವರ ಹೆಸರು... ಎಲ್ಲಾ ತಪ್ಪು, ತಪ್ಪು. ಆಕೆ ಕೊನೆಗೆ ಕೈ ಮಡಿಚಿ ಕೂತುಬಿಟ್ಟರು.

"ಇಪ್ಪತ್ಮೂರು ವರ್ಷ ಸಂಸಾರ ಮಾಡಿದೀನಿ ರೀ. ಸಾರಿಗೆ ಎಷ್ಟು ಉಪ್ಪು ಬೇಕು, ಯಾವ ಮಗ್ಗುಲಲ್ಲಿ ಮಲಗಿದ್ರೆ ನಿದ್ದೆ ಬರತ್ತೆ, ಎಲ್ಲಾ ಗೊತ್ತು. ಈ ಒಂದು ಮಾತು ಗೊತ್ತಿಲ್ಲ ನೋಡಿ."

ಐದೂವರೆಗೆ ಮಗ ಪರೀಕ್ಷೆ ಮುಗಿಸಿ ಫೋನು ಹಚ್ಚಿದ. ಒಂದೇ ಮಾತಿನಲ್ಲಿ ಹೇಳಿದ. ಏನಿತ್ತು ಗೊತ್ತೇ? ಆಕೆಯ ತವರೂರಿನ ಹೆಸರು, ಅದರ ಮುಂದೆ ನಾಲ್ಕು ಅಂಕಿ. "ನಮ್ಮೂರ ಹೆಸರಾ?" ಅಂದವರು ಅಲ್ಲೇ ಅತ್ತುಬಿಟ್ಟರು. ಎರಡೂವರೆ ಗಂಟೆ ನಾವು ಹುಡುಕಿದ್ದು ಅವರದ್ದೇ ಊರನ್ನು!

ದೇವರು ದೊಡ್ಡವನು, ಯಜಮಾನರು ನಾಲ್ಕನೆಯ ದಿನ ಮನೆಗೆ ಬಂದರು. ಬಂದವರೇ ಮಗನಿಗೆ ಹೇಳಿದ ಮೊದಲ ಮಾತು: "ಆ ಪಾಸ್‌ವರ್ಡು ತೆಗೆದುಹಾಕಪ್ಪಾ." ರಜಕ್ಕೆ ಬಂದ ಹುಡುಗ ಹತ್ತೇ ನಿಮಿಷದಲ್ಲಿ ಆ ಕೆಲಸ ಮುಗಿಸಿದ. ಅಂದಿನಿಂದ ಅವರ ಮನೆಯ ಕಂಪ್ಯೂಟರು ಫ್ರಿಜ್ಜಿನ ಹಾಗೆ. ಗುಂಡಿ ಒತ್ತಿದರೆ ಸೀದಾ ತೆರೆದುಕೊಳ್ಳುತ್ತದೆ. ಸುದ್ದಿ ನಮ್ಮ ಬೀದಿಯಲ್ಲೆಲ್ಲಾ ಹಬ್ಬಿತು. "ನಮ್ಮನೇದೂ ತೆಗೆದುಕೊಡಪ್ಪಾ" ಅಂತ ಆ ಹುಡುಗನಿಗೆ ಕಾಫಿಯ ಮೇಲೆ ಕಾಫಿ. ಅವನು ಕಾಲೇಜಿಗೆ ವಾಪಸು ಹೋಗುವ ಹೊತ್ತಿಗೆ ನಾಲ್ಕು ಮನೆಯ ಕಂಪ್ಯೂಟರಿಗೆ ಬೀಗವಿರಲಿಲ್ಲ. ಅದರಲ್ಲಿ ನಮ್ಮದೂ ಒಂದು.

ಆಮೇಲೆ ಏನಾಯಿತು ಅನ್ನುವುದನ್ನು ನಿಮಗೆ ಹೇಳಬೇಕು. ನಿಮ್ಮ ಮನೆಯಲ್ಲೂ ಈ ಮಾತು ಇವತ್ತಲ್ಲ ನಾಳೆ ಬಂದೇ ಬರುತ್ತದೆ.

ಹಜಾರಕ್ಕೆ ಬಂದ ಯಂತ್ರ

ನಮ್ಮ ಹೊರಮಾವು ನಿಮಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಪೂರ್ವಕ್ಕೆ, ಬಾಣಸವಾಡಿಯ ಆಚೆ, ಹೊರ ವರ್ತುಲ ರಸ್ತೆ ದಾಟಿದರೆ ಸಿಗುವ ಊರು. ಊರೆಂದೇ ಅನ್ನುತ್ತೇನೆ, ಏಕೆಂದರೆ ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ನಮ್ಮ ಅತ್ತೆಯವರು ಈಗಲೂ ಮೆಜೆಸ್ಟಿಕ್ಕಿನ ಕಡೆ ಹೊರಟರೆ "ಬೆಂಗಳೂರಿಗೆ ಹೋಗಿಬರ್ತೀನಿ" ಅನ್ನುತ್ತಾರೆ. ಇಲ್ಲಿನ ಗಂಡಸರು, ಹೆಣ್ಣುಮಕ್ಕಳು ಅನೇಕರು ಮಾನ್ಯತಾ ಟೆಕ್ ಪಾರ್ಕಿಗೋ ವೈಟ್‌ಫೀಲ್ಡಿಗೋ ಕೆಲಸಕ್ಕೆ ಹೋಗುವವರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತಲ್ಲ, ಆಗ ಕಚೇರಿಯೂ ಶಾಲೆಯೂ ಒಟ್ಟಿಗೆ ಮನೆಯೊಳಗೆ ನುಗ್ಗಿದವು. ಅಲ್ಲಿಯವರೆಗೆ ಕೋಣೆಯ ಮೂಲೆಯಲ್ಲಿ ಕವಚ ಹೊದ್ದು ಕೂತಿದ್ದ ಕಂಪ್ಯೂಟರು ಹಜಾರಕ್ಕೆ ಬಂತು. ಮಕ್ಕಳ ಪಾಠ ಅದರಲ್ಲೇ, ಕರೆಂಟು ಬಿಲ್ಲು ಅದರಲ್ಲೇ, ಮದುವೆಯ ಫೋಟೋ ಅದರಲ್ಲೇ. ನಿಮ್ಮ ತಿಪಟೂರಿನಲ್ಲೋ, ಸಾಗರದಲ್ಲೋ, ಗಂಗಾವತಿಯಲ್ಲೋ ಇದೇ ಕಥೆ ತಾನೆ?

ಯಂತ್ರ ಒಂದು, ಕೈ ಆರು. ಪಾಸ್‌ವರ್ಡು ಎಂಬ ವಸ್ತು ಹುಟ್ಟಿದ್ದೂ ಹೀಗೆಯೇ ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ, ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಏರ್ಪಾಡು ಮಾಡಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದಲ್ಲ? ಅದಕ್ಕೆ ಒಬ್ಬೊಬ್ಬರಿಗೂ ಒಂದು ಗುಟ್ಟಿನ ಮಾತು. ಅಂದರೆ ಕಳ್ಳರಿಗೆ ಹೆದರಿ ಹಾಕಿದ ಬೀಗವಲ್ಲ ಅದು, ಒಟ್ಟು ಕುಟುಂಬದಲ್ಲಿ ಒಬ್ಬೊಬ್ಬ ಸೊಸೆಗೂ ಒಂದೊಂದು ಟ್ರಂಕು ಇದ್ದ ಹಾಗೆ. ಇನ್ನೂ ತಮಾಷೆ ಏನೆಂದರೆ, 1962ರಲ್ಲಿ ಆಲನ್ ಶೆರ್ ಎಂಬ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಅದೇ ಯಂತ್ರದಿಂದ ಮುದ್ರಿಸಿಕೊಂಡನಂತೆ! ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ. ಬೀಗ ಹುಟ್ಟಿದ ಮನೆಯಲ್ಲೇ ಕನ್ನ.

ನಮ್ಮ ಮನೆಗಳಿಗೆ ಬಂದ ವಿಂಡೋಸ್ ಮೊದಮೊದಲು ಇದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ವಿಂಡೋಸ್ 95ರ ಕಾಲದಲ್ಲಿ ಪಾಸ್‌ವರ್ಡು ಕೇಳುತ್ತಿತ್ತು ನಿಜ, ಆದರೆ ಕ್ಯಾನ್ಸಲ್ ಗುಂಡಿ ಒತ್ತಿದರೂ ಒಳಗೆ ಬಿಡುತ್ತಿತ್ತು. ಆ ಕಾಲದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ ಓದುಗ ಸೋದರಿಯರಿಗೆ ನೆನಪಿರಬಹುದು. ಆಗ ಒಳಗೆ ಇದ್ದದ್ದಾದರೂ ಏನು? ಮಕ್ಕಳ ಇಸ್ಪೀಟಾಟ, ಒಂದೆರಡು ಪತ್ರ. ಈಗ ಹಾಗಲ್ಲ.

ಬೀಗ ತೆಗೆಯುವ ವಿಧಾನ

ತೆಗೆಯಬೇಕೋ ಬೇಡವೋ ಆಮೇಲೆ ನೋಡೋಣ. ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಪುಟ ತಿರುಗಿಸಿ ಉಪ್ಪಿನಕಾಯಿಗೆ ಹೋಗಿಬಿಡುತ್ತೀರಿ!

ವಿಂಡೋಸ್ 10 ಮತ್ತು 11ರಲ್ಲಿ ಹೀಗೆ. (10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದು ಬೇರೆ ತಲೆನೋವು.) ಕಿಟಕಿಯ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು ಆರ್ ಒತ್ತಿ. ಮೂಲೆಯಲ್ಲಿ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್ ಎಂಬ ಎಂಟು ಇಂಗ್ಲಿಷ್ ಅಕ್ಷರಗಳನ್ನು ಅಂಟಿಸಿ ಬರೆದು ಎಂಟರ್ ಕೊಡಿ. ಮನೆಯವರ ಖಾತೆಗಳ ಪಟ್ಟಿ ಕಾಣುತ್ತದೆ. ಮೇಲ್ಗಡೆ, ಈ ಕಂಪ್ಯೂಟರ್ ಬಳಸಲು ಹೆಸರು, ಪಾಸ್‌ವರ್ಡು ಕೊಡಲೇಬೇಕು ಎಂಬರ್ಥದ ಸಾಲು, ಅದರ ಪಕ್ಕದಲ್ಲಿ ಟಿಕ್ ಗುರುತು. ನಿಮ್ಮ ಖಾತೆಯನ್ನು ಆರಿಸಿ, ಆ ಗುರುತು ತೆಗೆದು ಓಕೆ ಅನ್ನಿ. ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಕೊಟ್ಟರೆ ಮುಗಿಯಿತು. ಮುಂದಿನ ಸಲ ಹಾಕಿದಾಗ ಸೀದಾ ಒಳಗೆ.

ಇಲ್ಲಿ ಕೈ ಸುಟ್ಟುಕೊಳ್ಳುವ ಜಾಗ ಒಂದಿದೆ. ಅದು ಕೇಳುವುದು ಖಾತೆಯ ಪೂರ್ತಿ ಪಾಸ್‌ವರ್ಡು. ನಾವು ದಿನಾ ಒತ್ತುವ ನಾಲ್ಕಂಕಿಯ ಪಿನ್ ಅಲ್ಲ. ಪಿನ್ ಬರೆದರೆ ಆಗ ಸುಮ್ಮನಿದ್ದು, ಮಾರನೆಯ ದಿನ ತಪ್ಪು ಅನ್ನುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಆ ಟಿಕ್ ಗುರುತಿನ ಸಾಲೇ ಕಾಣುವುದಿಲ್ಲ. ಆಗ ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್ ಅಂತ ಹೋಗಿ, ವಿಂಡೋಸ್ ಹೆಲೊ ಮೂಲಕ ಮಾತ್ರ ಪ್ರವೇಶ ಎಂಬ ಸ್ವಿಚ್ಚನ್ನು ಆರಿಸಿ ಬಂದರೆ ಸಾಲು ಪ್ರತ್ಯಕ್ಷ. ಅದೇ ಪುಟದಲ್ಲಿ, ಕಂಪ್ಯೂಟರು ತೂಕಡಿಸಿ ಎದ್ದಾಗ ಮತ್ತೆ ಕೇಳಬೇಕೇ ಎಂಬ ಪ್ರಶ್ನೆಯೂ ಇದೆ. "ನೆವರ್" ಅಂತ ಆರಿಸಿದರೆ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಮತ್ತೆ ಬೀಗ ಬೀಳುವ ಕಾಟ ತಪ್ಪುತ್ತದೆ. ಆಪಲ್ ಕಂಪನಿಯ ಮ್ಯಾಕ್ ಇದ್ದವರಿಗೂ ಈ ಸೌಲಭ್ಯವಿದೆ, ಆದರೆ ಫೈಲ್‌ವಾಲ್ಟ್ ಎಂಬ ರಕ್ಷಣೆ ಹಾಕಿದ್ದರೆ ಸಿಗುವುದಿಲ್ಲ.

ಒಂದು ಮಾತು ಗಮನಿಸಿ. ಹೀಗೆ ಮಾಡಿದರೆ ಪಾಸ್‌ವರ್ಡು ಅಳಿಸಿಹೋಗುವುದಿಲ್ಲ. ಬಾಗಿಲಲ್ಲಿ ಕೇಳುವುದನ್ನು ಬಿಡುತ್ತದೆ, ಅಷ್ಟೆ. ಅದು ಯಂತ್ರದೊಳಗೆ ಇದ್ದೇ ಇರುತ್ತದೆ, ಮುಂದೆ ಎಲ್ಲೋ ಒಂದು ಕಡೆ ಕೇಳಿಯೂ ಕೇಳುತ್ತದೆ. ದಿನಾ ಬರೆಯುವ ಅಭ್ಯಾಸ ತಪ್ಪಿದ ಮೇಲೆ ಯಾರಿಗೆ ನೆನಪಿರುತ್ತದೆ ಹೇಳಿ!

ಇನ್ನು ಕೆಲವರಿಗೆ ಪಾಸ್‌ವರ್ಡು ನೆನಪಿದ್ದೂ ಕಂಪ್ಯೂಟರು ಒಪ್ಪುವುದಿಲ್ಲ. ಅದರಿಂದ ಬೇಸತ್ತು ಬೀಗವೇ ಬೇಡ ಅನ್ನುತ್ತಾರೆ. ಅಂಥವರು ಮೊದಲು ಕ್ಯಾಪ್ಸ್ ಲಾಕ್ ನೋಡಿ. ಆಮೇಲೆ ಪರದೆಯ ಕೆಳಗಿನ ಮೂಲೆಯಲ್ಲಿ ಭಾಷೆಯ ಗುರುತು ನೋಡಿ. ಕನ್ನಡದಲ್ಲಿ ಟೈಪು ಮಾಡುವ ನಮ್ಮಂಥವರ ಮನೆಯಲ್ಲಿ ಕೀಲಿಮಣೆ ಕನ್ನಡದಲ್ಲೇ ಉಳಿದುಬಿಟ್ಟಿರುತ್ತದೆ. ನೀವು ಇಂಗ್ಲಿಷ್ ಅಕ್ಷರ ಒತ್ತುತ್ತೀರಿ, ಅದು ಕನ್ನಡ ಅಂದುಕೊಳ್ಳುತ್ತದೆ, ಕಾಣುವುದು ಮಾತ್ರ ಬರೀ ಚುಕ್ಕಿ. ನಾನು ಹೀಗೆ ಒಂದಿಡೀ ಬೆಳಗು ಕಳೆದಿದ್ದೇನೆ.

ಬೀಗವಿಲ್ಲದ ಮೂರು ತಿಂಗಳು

ನಮ್ಮ ಮನೆಯಲ್ಲಿ ಮೊದಮೊದಲು ಎಲ್ಲಾ ಸುಖವೇ. ಅತ್ತೆಯವರು ಬೆಳಿಗ್ಗೆ ಎದ್ದವರೇ ತಾವೇ ಕಂಪ್ಯೂಟರು ಹಾಕಿ ದಾಸರ ಪದ ಕೇಳುತ್ತಿದ್ದರು. ಹ್ಯೂಸ್ಟನ್ನಿನ ಮೊಮ್ಮಗನ ಜೊತೆ ಮಾತಾಡಲು ಯಾರನ್ನೂ ಕರೆಯಬೇಕಿರಲಿಲ್ಲ. ಬೇಸಿಗೆ ರಜ ಬಂತು. ರಜಕ್ಕೆ ನಮ್ಮ ಮೈದುನನ ಮಗ ಬಂದ. ಹದಿಮೂರು ವರ್ಷ, ಮೀಸೆ ಇನ್ನೂ ಚಿಗುರಿಲ್ಲ, ಬೆರಳು ಮಾತ್ರ ಬಲು ಚುರುಕು.

ಒಂದು ದಿನ ಡೆಲಿವರಿಯ ಹುಡುಗ ಬಂದು ಭಾರವಾದ ಡಬ್ಬ ಇಳಿಸಿ ಹಣ ಕೇಳಿದ. ಒಳಗೆ ವ್ಯಾಯಾಮದ ಕಬ್ಬಿಣದ ಗುಂಡುಗಳು, ಹತ್ತು ಕಿಲೋ! ಯಜಮಾನರ ಹೆಸರು, ನಮ್ಮದೇ ವಿಳಾಸ. ಕಾರ್ಡಿನಲ್ಲಾದರೆ ಫೋನಿಗೆ ಒಟಿಪಿ ಬರುತ್ತಿತ್ತು. ಮನೆಬಾಗಿಲಲ್ಲಿ ಹಣ ಕೊಡುವ ವ್ಯವಸ್ಥೆಗೆ ಒಟಿಪಿಯ ಕಾವಲು ಇರಲಿಲ್ಲ. ನಕ್ಕು ವಾಪಸು ಕಳಿಸಿದೆವು.

ಎರಡನೆಯದಕ್ಕೆ ನಗಲಾಗಲಿಲ್ಲ. ನಕ್ಕೆ ಅನ್ನುವುದೇ ನನ್ನ ಸಂಕಟ.

ನನ್ನ ಮಗಳು ಡಿಗ್ರಿ ಎರಡನೆಯ ವರ್ಷ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಏನೋ ಬರೆಯುತ್ತಿದ್ದಳು. ಕಾಲೇಜಿನ ಕೆಲಸ ಅಂದುಕೊಂಡಿದ್ದೆ. ಒಂದು ಭಾನುವಾರ ನೆಂಟರೆಲ್ಲ ಊಟಕ್ಕೆ ಸೇರಿದ್ದಾಗ ಆ ಹುಡುಗ ಹಜಾರದಲ್ಲಿ ಕಂಪ್ಯೂಟರು ತೆಗೆದು, ಅವಳು ಬರೆದಿಟ್ಟದ್ದನ್ನು ನಾಟಕದ ಮಾತಿನ ಹಾಗೆ ಗಟ್ಟಿಯಾಗಿ ಓದತೊಡಗಿದ. ಅಂಥಾ ಗುಟ್ಟೇನೂ ಅದರಲ್ಲಿರಲಿಲ್ಲ. ತನಗೆ ಬ್ಯಾಂಕಿನ ಪರೀಕ್ಷೆ ಬರೆಯಲು ಇಷ್ಟವಿಲ್ಲವೆಂದೂ, ಹೇಳಲು ಹೋದರೆ ಅಮ್ಮ ಪೂರ್ತಿ ಕೇಳಿಸಿಕೊಳ್ಳದೆ "ಒಗ್ಗರಣೆ ಸೀಯುತ್ತೆ, ಆಮೇಲೆ ಹೇಳು" ಅನ್ನುತ್ತಾಳೆಂದೂ ಬರೆದಿದ್ದಳು. ಒಗ್ಗರಣೆಯ ಮಾತಿಗೆ ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವಳು ತಟ್ಟೆ ಬಿಟ್ಟು ಎದ್ದುಹೋದಳು.

ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ರಾತ್ರಿ ನಾನೇ ಹೋಗಿ ಪಕ್ಕದಲ್ಲಿ ಕೂತೆ. ಒಲೆ ಆರಿಸಿಯೇ ಹೋಗಿದ್ದೆ. ಏನೇನು ಮಾತಾಡಿದೆವು ಅನ್ನುವುದು ಇಲ್ಲಿ ಬೇಡ. ಒಂದು ಮಾತು ಮಾತ್ರ ಹೇಳುತ್ತೇನೆ: "ಅಮ್ಮಾ, ಈ ಮನೇಲಿ ನನ್ನದು ಅಂತ ಒಂದು ಡ್ರಾಯರ್ ಕೂಡ ಇಲ್ವಲ್ಲಮ್ಮಾ."

ಕಳ್ಳಕಾಕರ ಭಯವನ್ನು ಎಲ್ಲರೂ ಹೇಳುತ್ತಾರೆ. ನನಗೆ ಪಾಸ್‌ವರ್ಡಿನ ಅರ್ಥವಾದದ್ದು ಆ ರಾತ್ರಿ.

ಹಾಗಂತ ಕಳ್ಳರ ಭಯ ಇಲ್ಲವೆಂದಲ್ಲ. ಜೂನಿನಲ್ಲಿ ಮಳೆ ಹಿಡಿಯಿತು. ಹೊರಮಾವಿನ ತಗ್ಗಿನ ಬಡಾವಣೆಗಳಿಗೆ ಮಳೆ ಅಂದರೆ ಎದೆ ಢವಢವ. 2025ರ ಮೇ ತಿಂಗಳಲ್ಲಿ ಇಲ್ಲಿನ ಸಾಯಿ ಲೇಔಟ್ ನೀರಿನಲ್ಲಿ ಮುಳುಗಿದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು. ನಮ್ಮ ಬೀದಿಗೆ ಮಂಡಿಯವರೆಗೆ ಬಂದದ್ದು ಪುಣ್ಯ, ಆದರೆ ನೆಲದ ಮೇಲಿಟ್ಟಿದ್ದ ಕಂಪ್ಯೂಟರಿನ ಪೆಟ್ಟಿಗೆ ನೆನೆಯಿತು. (ನೆನೆದ ಯಂತ್ರವನ್ನು ಪೂರ್ತಿ ಒಣಗುವ ಮೊದಲು ಆನ್ ಮಾಡಲೇಬೇಡಿ. ಪ್ಲಗ್ಗು ಕಿತ್ತು, ತಿಳಿದವರಿಗೆ ತೋರಿಸಿ.) ರಿಪೇರಿಗೆ ಕೊಟ್ಟೆವು. ಕೊಟ್ಟು ಬಂದ ಮೇಲೆ ಯಜಮಾನರು ಕಾಫಿ ಲೋಟ ಹಿಡಿದು ಹಾಗೇ ಕೂತುಬಿಟ್ಟರು. "ಮೇಲ್ ತೆರೆದೇ ಇದೆ ಕಣೇ. ಯಾರು ಬೇಕಾದರೂ ನೋಡಬಹುದು."

ಇಲ್ಲೇ ಇರುವುದು ಸೂಕ್ಷ್ಮ. ಬ್ಯಾಂಕಿಗೆ ಒಟಿಪಿ ಇದೆಯಲ್ಲ ಅಂತ ನಾವು ಧೈರ್ಯವಾಗಿರುತ್ತೇವೆ. ಆದರೆ ಮೇಲ್ ಎನ್ನುವುದು ಬೀಗದ ಕೈಗಳ ಗೊಂಚಲು. ಎಷ್ಟೋ ಕಡೆ "ಪಾಸ್‌ವರ್ಡು ಮರೆತಿದ್ದೇನೆ" ಅಂದರೆ ಹೊಸದನ್ನು ಮಾಡಿಕೊಳ್ಳುವ ಓಲೆ ಬರುವುದು ಆ ಮೇಲಿಗೇ. ಕಂಪ್ಯೂಟರಿಗೆ ಜೋಡಿಸಿದ ವಾಟ್ಸ್ಯಾಪ್ ಹಾಗೇ ತೆರೆದಿರುತ್ತದೆ. ಇನ್ನು ಕ್ರೋಮ್‌ನಂಥ ಬ್ರೌಸರುಗಳು "ನೆನಪಿಟ್ಟುಕೊಳ್ಳಲೇ?" ಅಂತ ಕೇಳಿದಾಗಲೆಲ್ಲ ನಾವು ಹೂಂ ಅಂದದ್ದು ಅಷ್ಟೂ ಅಲ್ಲಿ ಕೂಡಿಟ್ಟಿರುತ್ತದೆ. ಅಂಗಡಿಯವರು ಸಜ್ಜನರು, ನಮಗೇನೂ ಆಗಲಿಲ್ಲ. ಆದರೆ ಆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಹಣ ಹೋದದ್ದು ಗೊತ್ತಾದ ಕೂಡಲೆ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಬಿಡುತ್ತದೆ.

ಯಾರ ಮನೆಗೆ ಸರಿ, ಯಾರ ಮನೆಗೆ ಬೇಡ

ನನ್ನನ್ನು ಕೇಳಿದರೆ, ಬೀಗ ತೆಗೆದು ನಿಶ್ಚಿಂತೆಯಾಗಿರಬಹುದಾದ ಮನೆಗಳೂ ಇವೆ. ಕಂಪ್ಯೂಟರು ಕದಲದ ದೊಡ್ಡ ಪೆಟ್ಟಿಗೆ, ಮನೆಯಲ್ಲಿರುವವರು ವಯಸ್ಸಾದ ದಂಪತಿ, ಅದರಲ್ಲಿ ಹಾಡು ಕೇಳುವುದು, ಸಿನಿಮಾ ನೋಡುವುದು ಬಿಟ್ಟರೆ ಬ್ಯಾಂಕೂ ಇಲ್ಲ, ಮೇಲೂ ಇಲ್ಲ. ಅಂಥವರಿಗೆ ದಿನಾ ಪಾಸ್‌ವರ್ಡಿನ ಪರೀಕ್ಷೆ ಏಕೆ? ತೆಗೆಯಿರಿ. ಆದರೆ ಬಸ್ಸಿನಲ್ಲಿ, ರೈಲಿನಲ್ಲಿ ಹೋಗುವ ಲ್ಯಾಪ್‌ಟಾಪಿಗೆ ಬೇಡವೇ ಬೇಡ. ಪೇಯಿಂಗ್ ಗೆಸ್ಟು ಇಟ್ಟುಕೊಂಡ ಮನೆ, ಟ್ಯೂಷನ್ ಹೇಳುವ ಮನೆ, ಕೆಲಸದವರು ಬಂದುಹೋಗುವಾಗ ಯಾರೂ ಇರದ ಮನೆ, ಅಲ್ಲೂ ಬೇಡ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನ ತಂಟೆಗಂತೂ ಹೋಗಬೇಡಿ. ಅದು ನಮ್ಮ ಮನೆಯಲ್ಲಿದ್ದರೂ ನಮ್ಮದಲ್ಲ.

ಬೀಗ ಇದ್ದ ಮಾತ್ರಕ್ಕೆ ಭದ್ರ ಅಂತಲೂ ಅಲ್ಲ. ಒಳಗಿನ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಪಾಸ್‌ವರ್ಡಿನ ಹಂಗಿಲ್ಲದೆ ಎಲ್ಲಾ ಓದಬಹುದು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದಂತೆ. ಅದಕ್ಕೆಂದೇ ಈಚಿನ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿನ ಬರಹವನ್ನೇ ಗೂಢಲಿಪಿ ಮಾಡುವ ಏರ್ಪಾಡಿದೆ, ಬಿಟ್‌ಲಾಕರ್ ಅಂತ ಅದರ ಹೆಸರು. ಅದು ಒಮ್ಮೊಮ್ಮೆ, ರಿಪೇರಿಯ ನಂತರವೋ ಏನೋ, 48 ಅಂಕಿಯ ಒಂದು ಸಂಖ್ಯೆ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಇಲ್ಲದಿದ್ದರೆ ಮಗುವಿನ ನಾಮಕರಣದ ಫೋಟೋ ಕೂಡ ವಾಪಸು ಬರಲಾರದು.

ನಾವು ಕೊನೆಗೆ ಮಾಡಿದ್ದು ಇಷ್ಟು. ಪಕ್ಕದ ಮನೆಯ ಹುಡುಗ ಮುಂದಿನ ರಜಕ್ಕೆ ಬಂದಾಗ ಮತ್ತೆ ಕಾಫಿ ಕೊಟ್ಟು ಕೂರಿಸಿಕೊಂಡೆ. ಒಂದೇ ಕಂಪ್ಯೂಟರಿನಲ್ಲಿ ಮನೆಯ ಎಲ್ಲರಿಗೂ ಬೇರೆ ಬೇರೆ ಖಾತೆ ಮಾಡಿಸಿದೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ಅಂತ ಇದೆ, ಕಾಸಿನ ಖರ್ಚಿಲ್ಲ. ನೆಂಟರ ಮಕ್ಕಳಿಗೆ ಒಂದು ಖಾತೆ, ಅದಕ್ಕೆ ಪಾಸ್‌ವರ್ಡೇ ಇಲ್ಲ, ಬೇಕಾದ್ದು ಆಡಿಕೊಳ್ಳಲಿ. ರಿಪೇರಿಗೆ ಕೊಡುವಾಗಲೂ ಆ ಖಾತೆಯನ್ನೇ ತೋರಿಸುತ್ತೇವೆ. ಮಗಳದ್ದು ಅವಳದು.

ಈ ಖಾತೆಗಳಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಒಂದು ದರ್ಜೆ ಇದೆ. ಯಂತ್ರದ ಯಜಮಾನಿಕೆ ಅಂತ ಇಟ್ಟುಕೊಳ್ಳಿ. ಹೊಸ ಖಾತೆ ತೆರೆಯುವುದು, ಮರೆತವರ ಪಾಸ್‌ವರ್ಡು ಬದಲಿಸುವುದು, ಬೇಕಾದರೆ ಬೇರೆಯವರ ಕಡತ ತೆಗೆಯುವುದು ಎಲ್ಲಾ ಅವರ ಕೈಯಲ್ಲಿ. ಅದು ಬಹುಪಾಲು ಮನೆಗಳಲ್ಲಿ ಯಜಮಾನರ ಹೆಸರಿನಲ್ಲೋ, ದೂರದ ಊರಿನಲ್ಲಿರುವ ಮಗನ ಹೆಸರಿನಲ್ಲೋ ಇರುತ್ತದೆ. ಮನೆಯಲ್ಲಿ ದಿನವಿಡೀ ಇರುವವರು ನಾವು, ಬೀರುವಿನ ಕೈ ನಮ್ಮ ಸೊಂಟದಲ್ಲಿ, ಕಂಪ್ಯೂಟರಿನದು ಮಾತ್ರ ಬೇರೆಲ್ಲೋ! ನಾನು ಹಟ ಹಿಡಿದು ನನ್ನ ಖಾತೆಗೂ ಆ ದರ್ಜೆ ಹಾಕಿಸಿಕೊಂಡೆ. ಯಜಮಾನರು ಒಂದು ಕ್ಷಣ ಹುಬ್ಬೇರಿಸಿದರು, ಆಮೇಲೆ "ಆಗಲಿ, ಪಕ್ಕದ ಮನೇಲಿ ಆದ ಹಾಗೆ ಆಗಬಾರದಲ್ಲ" ಅಂದರು. ನೀವೂ ಕೇಳಿ. ಜಗಳಕ್ಕಲ್ಲ, ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಬೇಕಾಗುತ್ತದೆ ಅಂತ ಹೇಳಿ.

ಪಾಸ್‌ವರ್ಡನ್ನು ಎಲ್ಲೂ ಬರೆಯಬಾರದು ಅನ್ನುತ್ತಾರೆ. ಪರದೆಗೆ ಚೀಟಿ ಅಂಟಿಸುವುದು ತಪ್ಪೇ. ಆದರೆ ಮನೆಯಲ್ಲಿ ಗಾಡ್ರೆಜ್ ಬೀರು ಇರುವುದು ಏತಕ್ಕೆ? ಒಂದು ಹಾಳೆಯಲ್ಲಿ ಇಬ್ಬರ ಪಾಸ್‌ವರ್ಡು, ಮೇಲ್ ವಿಳಾಸ, ಆ 48 ಅಂಕಿ, ವಿಮೆಯ ಸಂಖ್ಯೆ ಇಷ್ಟನ್ನೂ ಬರೆದು ಲಕೋಟೆಯಲ್ಲಿ ಹಾಕಿ ಒಡವೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಬದಲಿಸಿದಾಗಲೆಲ್ಲ ಹಾಳೆಯನ್ನೂ ಬದಲಿಸಬೇಕು, ಅದೊಂದು ನೆನಪಿರಲಿ. ಪಕ್ಕದ ಮನೆಯಾಕೆಗೂ ಇದನ್ನೇ ಹೇಳಿದೆ. ಅವರ ಮನೆಯಲ್ಲೂ ಈಗ ಮತ್ತೆ ಪಾಸ್‌ವರ್ಡು ಬಂದಿದೆ. ಈ ಸಲ ಇಟ್ಟದ್ದು ಆಕೆ.

ಉಳಿದವರು ನಮ್ಮ ಅತ್ತೆ. ದಿನಾ ಉದ್ದನೆಯ ಪಾಸ್‌ವರ್ಡು ಬರೆಯುವುದು ಅವರಿಗೆ ಕಷ್ಟ. ಬೆರಳಚ್ಚಿನಿಂದ ತೆರೆಯುವ ಸಣ್ಣ ಉಪಕರಣ ತಂದು ಜೋಡಿಸಿದೆವು. ಅವರ ಬೆರಳನ್ನು ಅದು ಒಪ್ಪಲಿಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿ, ರುಬ್ಬಿ ಸವೆದ ಬೆರಳು. ನ್ಯಾಯಬೆಲೆ ಅಂಗಡಿಯ ಯಂತ್ರವೂ ಹಾಗೇ ತಾನೆ, ಮುದುಕಿಯರನ್ನು ಮೂರು ಮೂರು ಸಲ ಒತ್ತಿಸುತ್ತದೆ. ಕೊನೆಗೆ ಅವರ ಖಾತೆಗೆ ನಾನೊಂದು ಪಾಸ್‌ವರ್ಡು ಇಟ್ಟು ಲಕೋಟೆಯಲ್ಲಿ ಬರೆದುಕೊಂಡೆ, ಅದರ ಮೇಲೆ ದಿನನಿತ್ಯಕ್ಕೆ ನಾಲ್ಕಂಕಿಯ ಪಿನ್ ಇಡುವುದೆಂದಾಯಿತು. ಈ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ, ಬೇರೆಡೆ ಕುಳಿತವರಿಗೆ ಗೊತ್ತಾದರೂ ಪ್ರಯೋಜನವಿಲ್ಲ. ಹಲವು ಸಲ ತಪ್ಪಿದರೆ ಎ1ಬಿ2ಸಿ3 ಅಂತ ಇಂಗ್ಲಿಷಿನಲ್ಲಿ ಬರೆಯಲು ಹೇಳುತ್ತದೆ, ಗಾಬರಿ ಬೀಳಬಾರದು. ಮಗು ಕೀಲಿಮಣೆ ಬಡಿಯುತ್ತಿಲ್ಲ ತಾನೆ ಅಂತ ನೋಡುವ ಉಪಾಯ ಅದು.

ಅತ್ತೆ ಮೊದಲು ಒಂದು ಎರಡು ಮೂರು ನಾಲ್ಕು ಒತ್ತಿದರು. ಸುಲಭದ ಸಂಖ್ಯೆ ಬೇಡ ಅಂತ ಯಂತ್ರ ತಿರಸ್ಕರಿಸಿತು.

"ಪರವಾಗಿಲ್ವೇ, ಇದಕ್ಕೂ ಬುದ್ಧಿ ಇದೆ" ಅಂದರು. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಡೆ ನೋಡಿ, "ನೀನು ಸ್ವಲ್ಪ ಆ ಕಡೆ ತಿರುಗಮ್ಮಾ" ಅಂದರು.

ತಿರುಗಿದೆ. ಹಿಂದಿನಿಂದ ನಿಧಾನವಾಗಿ ನಾಲ್ಕು ಸಲ ಟಕ್ ಟಕ್ ಅಂತ ಕೇಳಿಸಿತು. ಮತ್ತೆ ನಾಲ್ಕು ಸಲ. ಆಮೇಲೆ ಒಂದು ಚೀಟಿಯ ಮೇಲೆ ಏನೋ ಬರೆದು, ಮಡಿಚಿ, ತಮ್ಮ ಎಲೆಯಡಿಕೆ ಡಬ್ಬಿಯ ತಳದಲ್ಲಿಟ್ಟು ಮುಚ್ಚಳ ಹಾಕಿದರು.